ಕಮಾನು ಮತ್ತು ಮೀಟು: ಪಿಟೀಲು ಗಿಟಾರುಗಳ ಸೊನಾಟ

ಬಿಗಿದ ತಂತಿಯಿಂದ ನಾದವನ್ನು ಹೊರಡಿಸುವುದಕ್ಕೆ ಮನುಷ್ಯನು ಕಂಡುಕೊಂಡಿರುವ ಮಾರ್ಗಗಳು ಮುಖ್ಯವಾಗಿ ಮೂರು. ತಂತಿಯನ್ನು ಹೊಡೆಯಬಹುದು, ಮೀಟಬಹುದು, ಇಲ್ಲವೆ ಉಜ್ಜಬಹುದು. ಹತ್ತಿಗೆ ಹೆಸರಾಗಿದ್ದ ದಾವಣಗೆರೆಯ ಸೀಮೆಯಲ್ಲಿ, ಹದಡಿಯಂತಹ ಊರುಗಳ ಹಿರಿಯರಿಗೆ ಈ ಮಾತನ್ನು ತಿಳಿಸಿಕೊಡಲು ವಾದ್ಯಗಳೇ ಬೇಕಾಗಿಲ್ಲ. ಹಾಸಿಗೆಯ ಅರಳೆಯನ್ನು ಹಿಂಜಲು ಬರುತ್ತಿದ್ದ ಪಿಂಜಾರರ ಬಿಲ್ಲನ್ನು ಅವರು ಕಂಡವರು. ಮರದ ಕೊಡತಿಯಿಂದ ಬಿಲ್ಲಿನ ಹೆದೆಯನ್ನು ಹೊಡೆದೊಡನೆ ಗಂಭೀರವಾದ ಒಂದು ನಾದವು ಹೊರಟು, ಕ್ಷಣಮಾತ್ರದಲ್ಲಿ ಅಡಗಿಹೋಗುತ್ತಿದ್ದಿತು; ಮತ್ತೆ ಅದು ಕೇಳಬೇಕಾದರೆ ಮತ್ತೆ ಹೊಡೆಯಬೇಕು. ಭಜನೆಯ ಮೇಳದಲ್ಲಿ ಏಕತಾರಿಯನ್ನು ಹಿಡಿದವರು ಬೆರಳಿನಿಂದ ತಂತಿಯನ್ನು ಮೀಟುತ್ತಲೇ ಇರಬೇಕಾದುದಕ್ಕೂ ಕಾರಣ ಇದೇ. ಆದರೆ ಪಿಟೀಲಿನ ಸಂಗತಿ ಬೇರೆ. ಕಮಾನು ತಂತಿಯ ಮೇಲೆ ಚಲಿಸುತ್ತಿರುವಷ್ಟು ಹೊತ್ತೂ ಅದರ ನಾದವು ತಗ್ಗದೆ ನಿಲ್ಲುತ್ತದೆ. ವಾದಕನು ಬಯಸಿದರೆ ಹೆಚ್ಚುತ್ತಲೂ ಹೋಗುತ್ತದೆ.

ಒಂದು ನಾದವು ಹುಟ್ಟಿದ ಕ್ಷಣದಿಂದಲೇ ಕ್ಷಯಿಸತೊಡಗುತ್ತದೆ. ಇನ್ನೊಂದು ಪೋಷಣೆ ಇರುವವರೆಗೂ ಬಾಳುತ್ತದೆ. ಸ್ವಭಾವದಲ್ಲಿ ಇಷ್ಟು ಭಿನ್ನವಾದ ಎರಡು ತಂತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದನ್ನೊಂದು ತುಳಿಯದಂತೆ ಸಂವಾದ ಮಾಡಿಸುವುದು ಹೇಗೆ? ಪಾಶ್ಚಾತ್ಯ ಸಂಗೀತದಲ್ಲಿ ಪಿಟೀಲು ಮತ್ತು ಗಿಟಾರುಗಳಿಗೆಂದು ರಚಿತವಾದ ಸೊನಾಟಗಳು ಈ ಪ್ರಶ್ನೆಗೆ ಒಂದು ಬಗೆಯ ಉತ್ತರ. ನಮ್ಮ ನಾಡಿನಲ್ಲಿ ಪಿಟೀಲು ಮತ್ತು ವೀಣೆಗಳನ್ನು ಜೊತೆಗೂಡಿಸಿದಾಗ ಎದುರಾಗುವ ಪ್ರಶ್ನೆಯೂ ಇದೇ ಆಗಿದೆ. ಜಗತ್ಪ್ರಸಿದ್ಧರಾಗಿ ಬೆಂಗಳೂರಿನಲ್ಲಿ ನೆಲೆಸಿದ ಚಂದ್ರಶೇಖರ ವೆಂಕಟರಾಮನ್ನರು ತಮ್ಮ ಸಂಶೋಧನೆಯ ಆರಂಭದ ದಿನಗಳಲ್ಲಿ ಈ ಎರಡು ಬಗೆಯ ತಂತಿಗಳನ್ನೂ ಆಳವಾಗಿ ಪರೀಕ್ಷಿಸಿದವರೆಂಬುದು ನಮಗೆ ವಿಶೇಷವಾದ ಸಂತೋಷದ ವಿಷಯ.

ಸೊನಾಟ ಎಂದರೇನು?

‘ಸೊನಾಟ’ ಎಂಬುದು ಇಟಲಿಯ ಭಾಷೆಯ ಪದ. ಹಾಡತಕ್ಕದ್ದು ‘ಕಂಟಾಟ’, ವಾದ್ಯದಲ್ಲಿ ನುಡಿಸತಕ್ಕದ್ದು ‘ಸೊನಾಟ’ ಎಂದು ಮೊದಲಲ್ಲಿ ಭೇದವನ್ನು ಮಾಡಿದ್ದರು. ಕಾಲಕ್ರಮದಲ್ಲಿ ಎರಡು, ಮೂರು ಅಥವಾ ನಾಲ್ಕು ಭಾಗಗಳುಳ್ಳ ವಾದ್ಯಕೃತಿಗೆ ಈ ಹೆಸರು ನಿಂತಿತು. ಸಾಮಾನ್ಯವಾಗಿ ಚುರುಕಾದ ಒಂದು ಭಾಗ, ನಿಧಾನವಾದ ಒಂದು ಭಾಗ, ಪಲ್ಲವಿಯಂತೆ ಒಂದೇ ಧಾಟಿಯು ಮರಳಿ ಮರಳಿ ಬರುವ ಲವಲವಿಕೆಯ ಕೊನೆಯ ಭಾಗ, ಹೀಗೆ ಅದರ ಜೋಡಣೆ ಇರುತ್ತದೆ. ದೊಡ್ಡ ಸಭಾಂಗಣಕ್ಕಲ್ಲದೆ ಮನೆಯ ಪಡಸಾಲೆಗೋ ಅರಮನೆಯ ಚಿಕ್ಕ ಕೋಣೆಗೋ ಹೊಂದುವಂತೆ, ಕೆಲವೇ ವಾದ್ಯಗಳಿಗೆ ರಚಿಸಿದ ಸಂಗೀತವನ್ನು ಆ ಜನರು ಕೋಣೆಯ ಸಂಗೀತವೆಂದು ಕರೆದರು. ಈ ಹೆಸರಿನಲ್ಲಿ ‘ಕೋಣೆ’ ಎಂಬುದು ಬರಿಯ ಅಲಂಕಾರವಲ್ಲ; ಅದು ಆ ಸಂಗೀತದ ಭೌತಿಕ ಅಗತ್ಯವೆಂಬುದನ್ನು ಮುಂದೆ ನೋಡಲಿದ್ದೇವೆ.

ಪಿಟೀಲು ಗಿಟಾರುಗಳ ಜೋಡಿಗೆ ಬಹುಸಂಖ್ಯೆಯ ಕೃತಿಗಳನ್ನು ಕೊಟ್ಟವನು ಇಟಲಿಯ ಜಿನೋವಾ ನಗರದ ನಿಕೊಲೊ ಪಗನೀನಿ (1782-1840). ಪಿಟೀಲಿನಲ್ಲಿ ಅವನಿಗಿದ್ದ ಕೈಚಳಕವನ್ನು ಕಂಡ ಜನರು ಅವನು ಪಿಶಾಚಿಯೊಡನೆ ಒಪ್ಪಂದ ಮಾಡಿಕೊಂಡಿರಬೇಕೆಂದು ಆಡಿಕೊಂಡರು. ಆದರೆ ಅವನು ಗಿಟಾರಿನಲ್ಲಿಯೂ ನಿಪುಣನಾಗಿದ್ದನೆಂಬುದು ಅಷ್ಟಾಗಿ ತಿಳಿದುಬಂದಿಲ್ಲ. ಪಿಟೀಲನ್ನು ಅವನು ಜನಸಮೂಹದ ಮುಂದೆ ನುಡಿಸಿದನು. ಗಿಟಾರನ್ನು ಬಹುಮಟ್ಟಿಗೆ ಆಪ್ತರ ನಡುವೆ ನುಡಿಸಿದನು. 1820ರಲ್ಲಿ ಮಿಲಾನಿನ ರಿಕೊರ್ಡಿ ಸಂಸ್ಥೆಯು ಅವನ ಐದು ಸಂಪುಟಗಳನ್ನು ಅಚ್ಚು ಮಾಡಿತು. ಅವುಗಳಲ್ಲಿ ಎರಡನೆಯ ಮತ್ತು ಮೂರನೆಯ ಸಂಪುಟಗಳು ಒಂದೊಂದೂ ಆರಾರು ಸೊನಾಟಗಳಂತೆ, ಒಟ್ಟು ಹನ್ನೆರಡು ಪಿಟೀಲು ಗಿಟಾರುಗಳ ಸೊನಾಟಗಳನ್ನು ಒಳಗೊಂಡಿವೆ. ಇವುಗಳಲ್ಲದೆ ಇನ್ನೂ ಅನೇಕ ಕೃತಿಗಳು ಹಸ್ತಪ್ರತಿಗಳಲ್ಲಿ ಉಳಿದು, ಅವನ ಮರಣಾನಂತರ ಬೆಳಕಿಗೆ ಬಂದುವು.

ಈ ಕೃತಿಗಳನ್ನು ಕೇಳಿದವರು ಒಂದು ವಿಷಯವನ್ನು ಗಮನಿಸದೆ ಇರಲಾರರು. ಬಹುಪಾಲು ಸೊನಾಟಗಳಲ್ಲಿ ದೀರ್ಘವಾದ ರಾಗವಿನ್ಯಾಸವೆಲ್ಲ ಪಿಟೀಲಿನದು. ಗಿಟಾರು ಸ್ವರಗಳನ್ನು ಚಿಮುಕಿಸುತ್ತ ಲಯವನ್ನೂ ಆಧಾರವನ್ನೂ ಒದಗಿಸುತ್ತದೆ. ಈ ಕೆಲಸದ ಹಂಚಿಕೆಯನ್ನು ರಚನಕಾರನ ಇಚ್ಛೆ ಎಂದಷ್ಟೇ ಎಣಿಸುವುದು ಸರಿಯಲ್ಲ. ಅದರ ಬೇರು ತಂತಿಯ ಗುಣದಲ್ಲಿಯೇ ಇದೆ.

ಒಮ್ಮೆ ತುಂಬಿದ ಗಡಿಗೆ

ಬಿಗಿದ ತಂತಿಯ ಶ್ರುತಿಯು ಮೂರು ಸಂಗತಿಗಳನ್ನು ಅವಲಂಬಿಸಿದೆಯೆಂದು 1636ರಲ್ಲಿ ಫ್ರಾನ್ಸಿನ ಮರ್ಸೆನ್ನನು ತೋರಿಸಿಕೊಟ್ಟನು. ತಂತಿಯ ಉದ್ದವು ಅರ್ಧವಾದರೆ ಕಂಪನಸಂಖ್ಯೆ ಎರಡರಷ್ಟಾಗುತ್ತದೆ. ಬಿಗಿತವು ನಾಲ್ಕರಷ್ಟಾದರೆ ಕಂಪನಸಂಖ್ಯೆ ಎರಡರಷ್ಟಾಗುತ್ತದೆ. ತಂತಿ ಭಾರವಾದಷ್ಟೂ ಶ್ರುತಿ ಇಳಿಯುತ್ತದೆ. ಗಿಟಾರಿನ ಆರು ತಂತಿಗಳಲ್ಲಿ ಮಂದ್ರದ ತಂತಿಯು ಸೆಕೆಂಡಿಗೆ ಸುಮಾರು 82 ಸಲವೂ, ತಾರದ ತಂತಿಯು ಸುಮಾರು 330 ಸಲವೂ ಕಂಪಿಸುತ್ತವೆ. ಪಿಟೀಲಿನ ನಾಲ್ಕು ತಂತಿಗಳ ಕಂಪನಸಂಖ್ಯೆಗಳು ಪಾಶ್ಚಾತ್ಯ ಪದ್ಧತಿಯಲ್ಲಿ ಸುಮಾರು 196, 294, 440 ಮತ್ತು 659. ಹೀಗೆ ಗಿಟಾರು ಕೆಳಗಿನ ಅಂತಸ್ತಿನಲ್ಲಿಯೂ ಪಿಟೀಲು ಮೇಲಿನ ಅಂತಸ್ತಿನಲ್ಲಿಯೂ ವಾಸ ಮಾಡುತ್ತವೆ. ನಡುವೆ ಇಬ್ಬರಿಗೂ ಸೇರಿದ ಒಂದು ಪಡಸಾಲೆ ಇದೆ. ಈ ಮಟ್ಟಿಗೆ ಅವುಗಳ ಜೋಡಿ ಅನುಕೂಲವಾದುದೇ.

ತೊಡಕು ಬರುವುದು ಶಕ್ತಿಯ ವಿಷಯದಲ್ಲಿ. ಬೆರಳು ಗಿಟಾರಿನ ತಂತಿಯನ್ನು ಪಕ್ಕಕ್ಕೆ ಎಳೆದು ಬಿಟ್ಟಾಗ, ಆ ಎಳೆತದಲ್ಲಿ ವ್ಯಯವಾದ ಶಕ್ತಿಯಷ್ಟೇ ತಂತಿಯ ಸಂಪತ್ತು. ಅಲ್ಲಿಂದ ಮುಂದೆ ಅದಕ್ಕೆ ಕಿಂಚಿತ್ತಾದರೂ ಸಂಪಾದನೆ ಇಲ್ಲ. ತೆಳುವಾದ ತಂತಿಯು ತಾನಾಗಿಯೇ ಗಾಳಿಯನ್ನು ಅಲುಗಿಸಲಾರದು. ಆದುದರಿಂದ ಅದು ತನ್ನ ಕಂಪನವನ್ನು ಕುದುರೆಯ ಮೂಲಕ ವಾದ್ಯದ ಮೇಲಿನ ಹಲಗೆಗೆ ಸಾಗಿಸುತ್ತದೆ. ವಿಶಾಲವಾದ ಹಲಗೆಯು ಗಾಳಿಯನ್ನು ನೂಕಿ ನಾದವನ್ನು ಹರಡುತ್ತದೆ.

ಈ ತಂತಿಯನ್ನು ಒಮ್ಮೆ ಮಾತ್ರ ತುಂಬಿದ ಒಂದು ಗಡಿಗೆಗೆ ಹೋಲಿಸಬಹುದು. ಗಡಿಗೆಯ ತಳದಲ್ಲಿ ಸಣ್ಣ ತೂತಿದ್ದರೆ ನೀರಿನ ಧಾರೆ ಸಣ್ಣದು, ಆದರೆ ಬಹಳ ಹೊತ್ತು ಸುರಿಯುತ್ತದೆ. ತೂತನ್ನು ಹಿರಿದು ಮಾಡಿದರೆ ಧಾರೆ ದಪ್ಪವಾಗುತ್ತದೆ, ಆದರೆ ಗಡಿಗೆ ಬೇಗನೆ ಬರಿದಾಗುತ್ತದೆ. ಹಾಗೆಯೇ, ಹಗುರವಾದ ಮೆತುವಾದ ಹಲಗೆಯುಳ್ಳ ವಾದ್ಯವು ತಂತಿಯ ಶಕ್ತಿಯನ್ನು ತ್ವರೆಯಾಗಿ ಹೀರಿ ಗಟ್ಟಿಯಾಗಿ ನುಡಿಯುತ್ತದೆ; ಆದರೆ ಅದರ ನಾದ ಬೇಗ ಅಡಗುತ್ತದೆ. ಭಾರವಾದ ಹಲಗೆಯ ವಾದ್ಯದಲ್ಲಿ ನಾದವು ದೀರ್ಘ, ಆದರೆ ಕ್ಷೀಣ. ಇಡಿಯ ಮರದ ಒಡಲಿನಿಂದ ಮಾಡಿದ ವಿದ್ಯುತ್ ಗಿಟಾರನ್ನು ಯಂತ್ರಕ್ಕೆ ಜೋಡಿಸದೆ ಮೀಟಿದರೆ ನಾದವು ಬಹು ಹೊತ್ತು ನಿಲ್ಲುವುದಾದರೂ, ನಾಲ್ಕು ಮಾರು ದೂರದಲ್ಲಿ ಕುಳಿತವರಿಗೆ ಕೇಳಿಸುವುದೇ ಕಷ್ಟ.

ಓದುಗರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ದಪ್ಪನಾದ ಮರದ ತುಂಡಿಗೆ ಎರಡು ಮೊಳೆಗಳನ್ನು ಹೊಡೆದು ಅವುಗಳ ನಡುವೆ ತಂತಿಯನ್ನು ಬಿಗಿದು ಮೀಟಿರಿ. ನಾದವು ಮೆಲ್ಲಗೆ ಕೇಳಿಸಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬಳಿಕ ಅದೇ ತುಂಡನ್ನು ತೆಳುವಾದ ತಗಡಿನ ಖಾಲಿ ಡಬ್ಬಿಯ ಮೇಲೆ ಒತ್ತಿ ಹಿಡಿದು ಮೀಟಿರಿ. ಧ್ವನಿ ದೊಡ್ಡದಾಗುವುದನ್ನೂ, ಬೇಗನೆ ಮುಗಿಯುವುದನ್ನೂ ಕಾಣುವಿರಿ. ಗಿಟಾರನ್ನು ಮಾಡುವ ಕುಶಲಕರ್ಮಿಯ ಜೀವಮಾನದ ಶ್ರಮವೆಲ್ಲ ಈ ಎರಡರ ನಡುವೆ ಸರಿಯಾದ ಒಂದು ಸ್ಥಾನವನ್ನು ಹುಡುಕುವುದರಲ್ಲಿಯೇ ಸವೆಯುತ್ತದೆ. ಸ್ಪೇನಿನ ಅಂಟೋನಿಯೊ ಡಿ ಟೊರೆಸ್ (1817-1892) ಗಿಟಾರಿನ ಒಡಲನ್ನು ಹಿರಿದು ಮಾಡಿ, ಹಲಗೆಯನ್ನು ತೆಳುಗೊಳಿಸಿ, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಪಟ್ಟಿಗಳನ್ನು ಅಂಟಿಸಿ ಬಲಪಡಿಸಿದ ಮಾದರಿಯು ಇಂದಿನ ಗಿಟಾರಿಗೆ ತಳಹದಿಯಾಯಿತು. ಪಗನೀನಿಯ ಕಾಲದ ಗಿಟಾರು ಇದಕ್ಕಿಂತ ಚಿಕ್ಕದು. ಅದರ ತಾರದ ತಂತಿಗಳು ಕರುಳಿನವು.

ಹರಿಯುವ ನಾಲೆ

ಗಿಟಾರಿನ ತಂತಿ ಗಡಿಗೆಯಾದರೆ, ಪಿಟೀಲಿನ ತಂತಿಯನ್ನು ಭದ್ರಾ ನಾಲೆಗೆ ಹೋಲಿಸಬೇಕು. ಅದರಲ್ಲಿ ನೀರು ಹೋದಂತೆಲ್ಲ ಹಿಂದಿನಿಂದ ನೀರು ಬರುತ್ತದೆ. ಈ ಪೂರೈಕೆ ನಡೆಯುವ ಬಗೆಯಾದರೋ ಆಶ್ಚರ್ಯಕರವಾದುದು.

ಕಮಾನಿನ ಕುದುರೆಗೂದಲಿಗೆ ರಾಳವನ್ನು ತಿಕ್ಕಿರುತ್ತಾರೆ. ರಾಳದ ಅಂಟಿನಿಂದ ಕೂದಲು ತಂತಿಯನ್ನು ಹಿಡಿದುಕೊಂಡು ತನ್ನೊಡನೆ ಪಕ್ಕಕ್ಕೆ ಒಯ್ಯುತ್ತದೆ. ಸ್ವಲ್ಪ ದೂರ ಹೋದ ಮೇಲೆ ಹಿಡಿತವು ತಪ್ಪಿ ತಂತಿ ಸರಕ್ಕನೆ ಹಿಂದಕ್ಕೆ ಜಾರುತ್ತದೆ. ಕೂಡಲೇ ಮತ್ತೆ ಸಿಕ್ಕಿಕೊಳ್ಳುತ್ತದೆ. 440 ಕಂಪನಸಂಖ್ಯೆಯ ತಂತಿಯಲ್ಲಿ ಈ ಹಿಡಿತ ಮತ್ತು ಜಾರುವಿಕೆ ಸೆಕೆಂಡಿಗೆ 440 ಸಲ ನಡೆಯುತ್ತವೆ. ಪ್ರತಿಯೊಂದು ಸಲವೂ ಕಮಾನು ತಂತಿಗೆ ಸ್ವಲ್ಪ ಸ್ವಲ್ಪವಾಗಿ ಶಕ್ತಿಯನ್ನು ಸಲ್ಲಿಸುತ್ತದೆ.

ಜರ್ಮನಿಯ ಮಹಾವಿಜ್ಞಾನಿ ಹೆಲ್ಮ್‌ಹೋಲ್ಟ್ಸನು ಇದನ್ನು ತನ್ನ ವಿಶೇಷವಾದ ಸೂಕ್ಷ್ಮದರ್ಶಕದಿಂದ ನೋಡಿ, 1863ರಲ್ಲಿ ಪ್ರಕಟವಾದ ತನ್ನ ನಾದಶಾಸ್ತ್ರದ ಗ್ರಂಥದಲ್ಲಿ ವಿವರಿಸಿದನು. ಬರಿಗಣ್ಣಿಗೆ ತಂತಿಯು ಮಸುಕಾದ ಒಂದು ಪಟ್ಟಿಯಂತೆ ಉಬ್ಬಿ ಕಾಣುತ್ತದೆ. ವಾಸ್ತವವಾಗಿ ಯಾವ ಕ್ಷಣದಲ್ಲಿ ನೋಡಿದರೂ ತಂತಿಯು ಎರಡು ನೇರವಾದ ತುಂಡುಗಳಂತಿದ್ದು, ಅವುಗಳ ನಡುವೆ ಚೂಪಾದ ಒಂದು ಮೂಲೆ ಇರುತ್ತದೆ. ಈ ಮೂಲೆಯು ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಹೋಗಿ ಹಿಂದಿರುಗುತ್ತಿರುತ್ತದೆ. ಅದು ಕಮಾನನ್ನು ಹಾಯುವ ಕ್ಷಣದಲ್ಲಿಯೇ ಹಿಡಿತ ತಪ್ಪುವುದೂ ಸಿಕ್ಕಿಕೊಳ್ಳುವುದೂ ನಡೆಯುತ್ತವೆ. ಕುದುರೆಯಿಂದ ತಂತಿಯ ಹತ್ತನೆಯ ಒಂದು ಭಾಗದಷ್ಟು ದೂರದಲ್ಲಿ ಕಮಾನಿಟ್ಟರೆ, ಒಂದು ಕಂಪನದ ಕಾಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಂತಿಯು ಕೂದಲಿಗೆ ಅಂಟಿಕೊಂಡಿರುತ್ತದೆ. ಒಂದು ಪಾಲು ಮಾತ್ರ ಜಾರುತ್ತದೆ.

ಈ ಶೋಧನೆಯನ್ನು ಮುಂದಕ್ಕೆ ಒಯ್ದವರು ರಾಮನ್ನರು. ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದುಕೊಂಡು, ಬಿಡುವಿನ ವೇಳೆಯಲ್ಲಿ ಭಾರತೀಯ ವಿಜ್ಞಾನ ಸಂವರ್ಧಕ ಸಂಘದ ಪ್ರಯೋಗಶಾಲೆಯಲ್ಲಿ ಅವರು ದುಡಿಯುತ್ತಿದ್ದರು. 1917ರಲ್ಲಿ ಹುದ್ದೆಯನ್ನು ಬಿಟ್ಟು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಪಿಟೀಲಿನ ಜಾತಿಯ ವಾದ್ಯಗಳ ಕಂಪನವನ್ನು ಕುರಿತ ಅವರ ದೀರ್ಘ ಪ್ರಬಂಧ 1918ರಲ್ಲಿ ಹೊರಬಂದಿತು. 1920ರಲ್ಲಿ ಅವರು ಪಿಟೀಲನ್ನು ಯಂತ್ರದಿಂದ ನುಡಿಸಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಮನುಷ್ಯನ ಕೈಯಲ್ಲಿ ಕಮಾನಿನ ವೇಗವೂ ಒತ್ತಡವೂ ಒಂದೇ ಸಮನಾಗಿರಲಾರವಾದ್ದರಿಂದ, ಕಮಾನನ್ನು ಒಂದು ಕಡೆ ನಿಲ್ಲಿಸಿ, ಪಿಟೀಲನ್ನೇ ಅದರ ಕೆಳಗೆ ಸಮವೇಗದಿಂದ ಹಿಂದಕ್ಕೂ ಮುಂದಕ್ಕೂ ಚಲಿಸುವಂತೆ ಅವರು ಯಂತ್ರವನ್ನು ಅಣಿಗೊಳಿಸಿದರು. ಕಮಾನು ಕುದುರೆಗೆ ಸಮೀಪಿಸಿದಂತೆಲ್ಲ ಶುದ್ಧವಾದ ನಾದಕ್ಕೆ ಹೆಚ್ಚು ಒತ್ತಡ ಬೇಕೆಂದೂ, ಕಮಾನಿನ ವೇಗ ಏರಿದರೂ ಒತ್ತಡ ಏರಬೇಕೆಂದೂ ಅಳತೆಗಳಿಂದ ತೋರಿಸಿದರು. ಸಂಗೀತಗಾರನು ಅಭ್ಯಾಸದಿಂದ ಅರಿತುದು ಹೀಗೆ ನಿಯಮದ ರೂಪವನ್ನು ತಾಳಿತು.

ಇದರಿಂದ ನಮ್ಮ ಪ್ರಶ್ನೆಗೆ ದೊರೆಯುವ ಉತ್ತರವು ಸ್ಪಷ್ಟ. ಪಿಟೀಲಿನ ವಾದಕನು ಸ್ವರವು ಹುಟ್ಟಿದ ಮೇಲೆಯೂ ಅದರ ಒಡೆಯನಾಗಿರುತ್ತಾನೆ. ಏರಿಸಬಲ್ಲನು, ಇಳಿಸಬಲ್ಲನು, ನಡುಗಿಸಬಲ್ಲನು. ಗಿಟಾರಿನ ವಾದಕನಿಗೆ ಸ್ವರವು ಹುಟ್ಟುವ ಕ್ಷಣದ ಮೇಲೆ ಪೂರ್ಣಾಧಿಕಾರ. ಆ ಬಳಿಕ ಅದು ಬಹುಮಟ್ಟಿಗೆ ಅವನ ಕೈಮೀರಿದ್ದು.

ದೌರ್ಬಲ್ಯದಿಂದ ಹುಟ್ಟಿದ ಸೊಗಸು

ಹಾಗಾದರೆ ಗಿಟಾರು ಯಾವಾಗಲೂ ಸೇವಕನಾಗಿಯೇ ಇರಬೇಕೆ? ಪಗನೀನಿಯ ಕೃತಿಗಳೇ ಇಲ್ಲವೆಂದು ಹೇಳುತ್ತವೆ. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವನು ರಚಿಸಿದ ‘ಸೊನಾಟ ಕಂಚರ್ಟಾಟ’ ಎಂಬ ಮೂರು ಭಾಗಗಳ ಕೃತಿಯಲ್ಲಿ ಪಿಟೀಲೂ ಗಿಟಾರೂ ಸರಿಸಮಾನ. ಒಂದು ನುಡಿಸಿದ ಧಾಟಿಯನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಇಬ್ಬರು ಸ್ನೇಹಿತರು ಮಾತನಾಡುವಾಗ ಒಬ್ಬರ ಮಾತಿಗೆ ಇನ್ನೊಬ್ಬರು ದಾರಿ ಬಿಡುವಂತೆ, ಗಿಟಾರು ಮುಂದೆ ಬಂದಾಗ ಪಿಟೀಲು ತನ್ನ ಧ್ವನಿಯನ್ನು ತಗ್ಗಿಸುತ್ತದೆ. ಅವನ ‘ಗ್ರಾಂಡ್ ಸೊನಾಟ’ದಲ್ಲಿಯಂತೂ ಪಾತ್ರಗಳೇ ತಿರುವುಮುರುವು: ಮುಖ್ಯ ವಾದ್ಯ ಗಿಟಾರು, ಪಿಟೀಲು ಅದಕ್ಕೆ ಪಕ್ಕವಾದ್ಯ.

ಈ ಸಮಾನತೆಯನ್ನು ಸಾಧಿಸುವ ಉಪಾಯಗಳು ಹಲವು. ಗಿಟಾರಿನ ಒಂದು ಸ್ವರವು ಸಾಯುವ ಮೊದಲೇ ಇನ್ನೊಂದನ್ನು ಹುಟ್ಟಿಸಿದರೆ, ಕಿವಿಯು ಅವುಗಳನ್ನು ಹೊಲಿದು ಒಂದೇ ಎಳೆಯಾಗಿ ಗ್ರಹಿಸುತ್ತದೆ. ಆದ್ದರಿಂದಲೇ ನಾಲ್ಕಾರು ಸ್ವರಗಳ ಗುಂಪನ್ನು ಒಟ್ಟಿಗೆ ಮೀಟುವ ಬದಲು, ಒಂದೊಂದಾಗಿ ಬಿಡಿಸಿ ಮೀಟುವ ಪದ್ಧತಿಯು ಗಿಟಾರಿನಲ್ಲಿ ಇಷ್ಟೊಂದು ಪ್ರಚಾರದಲ್ಲಿದೆ. ಪಿಟೀಲು ಒಂದೇ ಸ್ವರವನ್ನು ದೀರ್ಘವಾಗಿ ಹಿಡಿದಿರುವಾಗ ಗಿಟಾರು ಅದರ ಕೆಳಗೆ ಚುರುಕಾಗಿ ಓಡಬಹುದು; ಆಗ ಮೀಟಿನ ತೀಕ್ಷ್ಣವಾದ ಆರಂಭವು ಪಿಟೀಲಿನ ಮೃದುವಾದ ನಾದದ ನಡುವೆಯೂ ಎದ್ದು ಕೇಳಿಸುತ್ತದೆ. ಕಿವಿಯು ನಿಂತ ಧ್ವನಿಗಿಂತ ಹೊಸದಾಗಿ ತೊಡಗುವ ಧ್ವನಿಯನ್ನು ಬೇಗ ಗುರುತಿಸುತ್ತದೆ. ಹೀಗೆ, ಕ್ಷಯಿಸುವ ನಾದಕ್ಕೂ ಒಂದು ಶಕ್ತಿ ಇದೆ: ಅದು ತನ್ನ ಹಿಂದೆ ನಿಶ್ಶಬ್ದವನ್ನು ಬಿಟ್ಟುಹೋಗುವುದರಿಂದ ಮುಂದಿನ ಸ್ವರಕ್ಕೆ ಎಡೆಯಾಗುತ್ತದೆ.

ಇನ್ನೊಂದು ಸೂಕ್ಷ್ಮವಾದ ಹೊಂದಾಣಿಕೆ ಶ್ರುತಿಯದು. ಗಿಟಾರಿನ ಮೆಟ್ಟಿಲುಗಳು ಸ್ಥಿರವಾದುವು. ಸ್ಥಾಯಿಯನ್ನು ಹನ್ನೆರಡು ಸಮಪಾಲುಗಳಾಗಿ ಹಂಚಿ ಅವುಗಳನ್ನು ಕೂರಿಸಿರುತ್ತಾರೆ; ಒಂದೊಂದು ಮೆಟ್ಟಿಲಿಗೂ ಕಂಪನಸಂಖ್ಯೆ 1.0595ರಷ್ಟು ಪಟ್ಟು ಏರುತ್ತದೆ. ಪಿಟೀಲಿಗೆ ಮೆಟ್ಟಿಲುಗಳಿಲ್ಲ. 220 ಕಂಪನಸಂಖ್ಯೆಯ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, ಅದಕ್ಕೆ ಶುದ್ಧವಾಗಿ ಹೊಂದುವ ಅಂತರ ಗಾಂಧಾರವು 275. ಗಿಟಾರಿನ ಮೆಟ್ಟಿಲು ಕೊಡುವುದಾದರೋ 277ಕ್ಕಿಂತ ತುಸು ಹೆಚ್ಚು. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಸುಮಾರು ಎರಡು ಸಲ ಧ್ವನಿಯು ಅಲೆಯಂತೆ ಏರಿಳಿಯುವುದು. ಆದುದರಿಂದ ಪಿಟೀಲಿನವನು ತನ್ನ ಕಿವಿಗೆ ಪ್ರಿಯವಾದ ಗಾಂಧಾರವನ್ನು ಬಿಟ್ಟು, ಗೆಳೆಯನ ಮೆಟ್ಟಿಲಿಗೆ ಬೆರಳನ್ನು ಸರಿಸಬೇಕಾಗುತ್ತದೆ. ಬಗ್ಗಬಲ್ಲವನೇ ಬಗ್ಗಬೇಕು ಎಂಬ ಲೋಕನೀತಿ ಇಲ್ಲಿಯೂ ನಡೆಯುತ್ತದೆ.

ನಮ್ಮ ವೀಣೆ, ನಮ್ಮ ಪಿಟೀಲು

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದುದು 19ನೆಯ ಶತಮಾನದ ಆರಂಭದ ಸುಮಾರಿನಲ್ಲಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಸ್ವರವನ್ನು ಹಿಡಿದು ನಿಲ್ಲಿಸುವ, ಒಂದರಿಂದ ಇನ್ನೊಂದಕ್ಕೆ ಜಾರುವ ಅದರ ಶಕ್ತಿಯು ಗಾಯಕನ ಕಂಠವನ್ನು ನೆರಳಿನಂತೆ ಅನುಸರಿಸಲು ಹೇಳಿ ಮಾಡಿಸಿದಂತಿತ್ತು. ಅತ್ತ ವೀಣೆಯು ಮೈಸೂರಿನಲ್ಲಿ ರಾಜಾಶ್ರಯವನ್ನು ಪಡೆದು, ವೀಣೆ ಶೇಷಣ್ಣನವರು (1852-1926), ವೆಂಕಟಗಿರಿಯಪ್ಪನವರು, ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರು (1920-1997) ಇವರ ಕೈಯಲ್ಲಿ ಉನ್ನತ ಸ್ಥಿತಿಗೆ ಏರಿತು. ಎರಡು ವಾದ್ಯಗಳನ್ನು ಜೊತೆಯಲ್ಲಿ ಕೂರಿಸುವ ಪ್ರಯತ್ನಗಳೂ ನಡೆದುವು. 1966ರಲ್ಲಿ ಲಾಲ್ಗುಡಿ ಜಯರಾಮನ್ ಅವರು ಪಿಟೀಲು, ಕೊಳಲು, ವೀಣೆಗಳ ತ್ರಿವೇಣಿಯನ್ನು ಆರಂಭಿಸಿದುದು ಪ್ರಸಿದ್ಧವಾದ ಸಂಗತಿ.

ಗಿಟಾರಿನಂತೆ ವೀಣೆಯೂ ಮೀಟುವ ವಾದ್ಯವೇ. ಆದರೆ ಅದು ತನ್ನ ಕೊರತೆಗಳನ್ನು ಬೇರೆ ಉಪಾಯಗಳಿಂದ ತುಂಬಿಕೊಂಡಿದೆ. ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳು ಎತ್ತರವಾಗಿರುವುದರಿಂದ, ತಂತಿಯನ್ನು ಪಕ್ಕಕ್ಕೆ ಎಳೆದು ಬಿಗಿತವನ್ನು ಹೆಚ್ಚಿಸಿ, ಒಂದೇ ಮೀಟಿನಲ್ಲಿ ಹಲವು ಸ್ವರಗಳನ್ನು ಗಮಕವಾಗಿ ತೆಗೆಯಬಹುದು. ಮೀಟಿದ ಸ್ವರವನ್ನು ಗಿಟಾರಿನವನಷ್ಟು ಬೇಗ ವೈಣಿಕನು ಕೈಬಿಡುವುದಿಲ್ಲ. ಅದು ಅಡಗುವವರೆಗೂ ಅದನ್ನು ರೂಪಿಸುತ್ತಲೇ ಇರುತ್ತಾನೆ.

ಎರಡನೆಯ ಉಪಾಯವು ಕುದುರೆಯಲ್ಲಿ ಅಡಗಿದೆ. ಯಾವ ತಂತಿಯೂ ತನ್ನ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಸಂಖ್ಯೆಯ ಉಪಸ್ವರಗಳನ್ನೂ ಹೊರಡಿಸುತ್ತದೆ; ಅವುಗಳ ಪ್ರಮಾಣದಿಂದಲೇ ವಾದ್ಯವಾದ್ಯಗಳ ನಾದಗುಣವು ಬೇರೆಯಾಗುವುದು. ಯಾವ ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ತಂತಿಯನ್ನು ಮೀಟುತ್ತೇವೆಯೋ ಆ ಉಪಸ್ವರವು ಹುಟ್ಟಲಾರದೆಂದು ಇಂಗ್ಲೆಂಡಿನ ಥಾಮಸ್ ಯಂಗನು 1800ರಲ್ಲಿ ಹೇಳಿದ್ದನು. ಅದರಂತೆ, ನಟ್ಟನಡುವೆ ಮೀಟಿದ ತಂತಿಯಲ್ಲಿ ಎರಡರಷ್ಟು ಕಂಪನದ ಉಪಸ್ವರ ಇರಕೂಡದು. ಆದರೆ ವೀಣೆ ತಂಬೂರಿಗಳಲ್ಲಿ ಈ ನಿಯಮವು ಸಲ್ಲುವುದಿಲ್ಲವೆಂದೂ, ಇರಕೂಡದ ಉಪಸ್ವರಗಳು ಬಲವಾಗಿಯೇ ಕೇಳುತ್ತವೆಂದೂ ರಾಮನ್ನರು 1921ರಲ್ಲಿ ತೋರಿಸಿದರು. ಪಿಟೀಲಿನ ಕುದುರೆಯ ಅಂಚು ಚೂಪು. ವೀಣೆಯ ಕುದುರೆಯ ಮೇಲಿರುವ ಲೋಹದ ತಗಡಾದರೋ ಅಗಲವಾಗಿ, ಮೆಲ್ಲಗೆ ಬಾಗಿದೆ. ಕಂಪಿಸುವಾಗ ತಂತಿಯು ಆ ಬಾಗಿದ ಮೈಗೆ ತಾಗುತ್ತ ಬಿಡುತ್ತ ಇರುವುದರಿಂದ ಮೂಲಸ್ವರದ ಶಕ್ತಿಯು ಮೇಲಿನ ಉಪಸ್ವರಗಳಿಗೆ ಹಂಚಿಹೋಗುತ್ತದೆ. ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ನೂಲಿನ ಎಳೆಯ ಕಾರ್ಯವೂ ಇದಕ್ಕೆ ಸಂಬಂಧಿಸಿದ್ದೇ. ಗಡಿಗೆಯ ನೀರು ಇದರಿಂದ ಹೆಚ್ಚುವುದಿಲ್ಲ. ಆದರೆ ನಮ್ಮ ಕಿವಿಯು ಮಂದ್ರದ ಕಂಪನಗಳಿಗಿಂತ ಮೇಲಿನ ಕಂಪನಗಳಿಗೆ ಚುರುಕಾಗಿರುವುದರಿಂದ, ಅಷ್ಟೇ ಶಕ್ತಿಯು ಹೆಚ್ಚು ಸ್ಫುಟವಾಗಿ ಕೇಳಿಸುತ್ತದೆ. ಹೆಸರರಿಯದ ನಮ್ಮ ಕುಶಲಕರ್ಮಿಗಳು ಶತಮಾನಗಳ ಹಿಂದೆಯೇ ಕೈಗತ ಮಾಡಿಕೊಂಡಿದ್ದ ರಹಸ್ಯವಿದು.

ರಾಮನ್ನರ ತಂದೆ ಚಂದ್ರಶೇಖರ ಅಯ್ಯರ್ ಅವರು ಪಿಟೀಲನ್ನೂ, ಪತ್ನಿ ಲೋಕಸುಂದರಿ ಅಮ್ಮಾಳ್ ಅವರು ವೀಣೆಯನ್ನೂ ನುಡಿಸಬಲ್ಲವರಾಗಿದ್ದರು. 1933ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು, 1970ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ನೆಲೆಸಿದರು. ಕಮಾನು ಮತ್ತು ಮೀಟು ಎರಡರ ರಹಸ್ಯವನ್ನೂ ಶೋಧಿಸಿದ ವಿಜ್ಞಾನಿಗೆ ಅವೆರಡೂ ಮನೆಯ ನಾದಗಳೇ ಆಗಿದ್ದುವು.

ಕೋಣೆಯೂ ಒಂದು ವಾದ್ಯ

ಕೊನೆಯದಾಗಿ, ಕೋಣೆಯ ಮಾತು. ಅಮೆರಿಕದ ವಾಲೆಸ್ ಸೆಬೈನನು 1900ರ ಸುಮಾರಿಗೆ ಸಭಾಂಗಣಗಳ ನಾದವನ್ನು ಅಳೆಯಲು ಸರಳವಾದ ಒಂದು ಮಾನವನ್ನು ಕಲ್ಪಿಸಿದನು. ತೆರೆದ ಕಿಟಕಿಯ ಮೂಲಕ ಹೊರಟ ಧ್ವನಿಯು ಹಿಂದಿರುಗಿ ಬರುವುದಿಲ್ಲ. ಆದ್ದರಿಂದ ಒಂದು ಕೋಣೆಯ ಗೋಡೆ, ಪರದೆ, ಜನರು ಇವೆಲ್ಲ ಹೀರುವ ಧ್ವನಿಯನ್ನು ಇಷ್ಟು ಚದರ ಮೀಟರು ತೆರೆದ ಕಿಟಕಿಗೆ ಸಮವೆಂದು ಹೇಳಬಹುದು. ಕುಳಿತ ಒಬ್ಬ ಶ್ರೋತೃ ಸುಮಾರು ಅರ್ಧ ಚದರ ಮೀಟರಿಗೆ ಸಮ. ಇಪ್ಪತ್ತು ಜನರು ಕುಳಿತ ಪಡಸಾಲೆಯ ಒಟ್ಟು ಹೀರುವಿಕೆ 20 ಚದರ ಮೀಟರೆಂದೂ, ಸಾವಿರ ಜನರ ಸಭಾಂಗಣದ್ದು 800 ಚದರ ಮೀಟರೆಂದೂ ಇಟ್ಟುಕೊಳ್ಳೋಣ. ಅದೇ ವಾದ್ಯವನ್ನು ಅಷ್ಟೇ ಬಲದಿಂದ ನುಡಿಸಿದರೂ, ಸಭಾಂಗಣದಲ್ಲಿ ತುಂಬಿ ನಿಲ್ಲುವ ಧ್ವನಿಯ ತೀವ್ರತೆಯು ಪಡಸಾಲೆಯದರ ನಲವತ್ತನೆಯ ಒಂದು ಭಾಗ ಮಾತ್ರವೇ ಆಗುತ್ತದೆ.

ಪಿಟೀಲಿನವನು ಕಮಾನಿನ ವೇಗವನ್ನೂ ಒತ್ತಡವನ್ನೂ ಏರಿಸಿ ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳಬಹುದು. ಮೈಸೂರು ಟಿ. ಚೌಡಯ್ಯನವರು (1895-1967) 1927ರಲ್ಲಿ ತಮ್ಮ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ನುಡಿಸತೊಡಗಿದುದರ ಉದ್ದೇಶವೂ, ಧ್ವನಿವರ್ಧಕಗಳು ಇನ್ನೂ ರೂಢಿಗೆ ಬಾರದಿದ್ದ ಆ ದಿನಗಳಲ್ಲಿ ದೂರದ ಶ್ರೋತೃವಿಗೂ ಕೇಳುವಂತಹ ತುಂಬುನಾದವನ್ನು ಪಡೆಯುವುದೇ ಆಗಿತ್ತು. ಮೀಟುವ ವಾದ್ಯಕ್ಕೆ ಇಂತಹ ದಾರಿ ಇಲ್ಲ. ಅದರ ಶಕ್ತಿಗೆ ಬೆರಳೇ ಮೇರೆ. ಮೇರೆ ಮೀರಿ ಎಳೆದರೆ ತಂತಿಯು ಮೆಟ್ಟಿಲಿಗೆ ಬಡಿದು ನಾದ ಕೆಡುತ್ತದೆ. ಸಭೆಗಳು ದೊಡ್ಡದಾದಂತೆ ಪಿಟೀಲು ಕಛೇರಿಯ ಅವಿಭಾಜ್ಯ ಅಂಗವಾಗಿ ಬೆಳೆದು, ವೀಣೆಯ ಕಛೇರಿಗಳು ವಿರಳವಾದುದಕ್ಕೆ ಕಾರಣಗಳು ಅನೇಕವಿರಬಹುದು. ಅವುಗಳಲ್ಲಿ ಈ ಭೌತಿಕ ಕಾರಣವನ್ನು ಅಲಕ್ಷಿಸುವಂತಿಲ್ಲ.

ಧ್ವನಿವರ್ಧಕವು ಈ ಕೊರತೆಯನ್ನು ನೀಗಿಸಿತಲ್ಲವೆ ಎಂದು ಕೇಳಬಹುದು. ಅದು ಧ್ವನಿಯನ್ನು ದೊಡ್ಡದು ಮಾಡುವುದು ನಿಜ. ಆದರೆ ಬೆರಳು ತಂತಿಯ ಮೇಲೆ ಸರಿಯುವ ಕಿರುಸದ್ದನ್ನೂ ಅದು ದೊಡ್ಡದು ಮಾಡುತ್ತದೆ. ಒಂದು ಸ್ಥಳದಲ್ಲಿ ಹಿಡಿದ ನಾದವನ್ನು ಇನ್ನೊಂದು ಸ್ಥಳದಿಂದ ಹೊರಡಿಸುತ್ತದೆ. ಮೀಟು ಮುಗಿದು ನಾದವು ನಿಶ್ಶಬ್ದದಲ್ಲಿ ಲೀನವಾಗುವ ಆ ಅರೆಗಳಿಗೆಯ ಸೊಗಸು ಯಂತ್ರದ ಮೊರೆತದಲ್ಲಿ ಕೈತಪ್ಪುತ್ತದೆ. ವೀಣೆಯ ಅರ್ಧ ಸಂಗೀತವಿರುವುದು ಆ ಗಳಿಗೆಯಲ್ಲಿಯೇ.

ಇದಕ್ಕೆ ಮದ್ದು ದುಬಾರಿಯಾದುದಲ್ಲ. ಇಪ್ಪತ್ತು ಮೂವತ್ತು ಜನರು ಹಿಡಿಸುವ ಕೋಣೆ, ಗಟ್ಟಿ ನೆಲ, ಬರಿಯ ಗೋಡೆ, ಮುಚ್ಚಿದ ಬಾಗಿಲು, ಮೌನವಾಗಿರಬಲ್ಲ ಶ್ರೋತೃಗಳು, ಇಷ್ಟಿದ್ದರೆ ಸಾಕು. ನಮ್ಮ ಹಳೆಯ ಮನೆಗಳ ತೊಟ್ಟಿಯ ಸುತ್ತಣ ಪಡಸಾಲೆಗಳು ಇಂತಹವೇ. ಚಿಕ್ಕ ಊರುಗಳಲ್ಲಿ ದೊಡ್ಡ ಸಭಾಂಗಣವಿಲ್ಲವೆಂದು ಕೊರಗುವ ಸಂಗೀತಪ್ರಿಯರು ಈ ದೃಷ್ಟಿಯಿಂದ ಭಾಗ್ಯಶಾಲಿಗಳೇ ಸರಿ. ಅಲ್ಲಿ ಒಂದು ವೀಣೆಯನ್ನೂ ಒಂದು ಪಿಟೀಲನ್ನೂ, ಅಥವಾ ಒಂದು ಗಿಟಾರನ್ನೂ ಒಂದು ಪಿಟೀಲನ್ನೂ ಎದುರುಬದುರಾಗಿ ಕೂರಿಸಿ ಕೇಳಿದರೆ, ನಿಲ್ಲಬಲ್ಲ ನಾದವು ನಿಲ್ಲಲಾರದ ನಾದಕ್ಕಾಗಿ ತನ್ನನ್ನು ತಗ್ಗಿಸಿಕೊಳ್ಳುವುದನ್ನೂ, ನಿಲ್ಲಲಾರದುದು ತನ್ನ ಅಲ್ಪಾಯುಷ್ಯದಲ್ಲಿಯೇ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸುವುದನ್ನೂ ಯಾರ ಸಹಾಯವೂ ಇಲ್ಲದೆ ಕಿವಿಯೇ ಕಂಡುಕೊಳ್ಳುತ್ತದೆ.